ಹನ್ನೊಂದು ಹಾಳೆಗೊಮ್ಮೆ

ಹೋದ ತಿಂಗಳು ಅಂಬತ್ತೂರಿನಾಚೆಯ ಒಂದು ಎಂಜಿನಿಯರಿಂಗ್ ಕಾಲೇಜಿನವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ಚೆನ್ನೈಯ ಅಡ್ಯಾರಿನ ನಮ್ಮ ಮನೆ ಬಾಗಿಲಿಗೇ ಕಾರು ಬಂತು. ಏಸಿ ಗಾಳಿ ನನಗೆ ಆಗಿಬರೋದಿಲ್ಲ ಅಂತ ಕಿಟಕಿ ಇಳಿಸಿ ಕೂತಿದ್ದೆ. ಕಾರು ಅಂಬತ್ತೂರಿನ ಇಂಡಸ್ಟ್ರಿಯಲ್ ಎಸ್ಟೇಟಿನ ಒಳರಸ್ತೆಗೆ ತಿರುಗಿದ್ದೇ ತಡ, ಯಾವುದೋ ಶೆಡ್ಡಿನಿಂದ ಆ ವಾಸನೆ ಬಂದು ಮುಖಕ್ಕೆ ಹೊಡೆಯಿತು. ಕೆಂಪಗೆ ಕಾದ ಉಕ್ಕನ್ನು ಎಣ್ಣೆಯಲ್ಲಿ ಅದ್ದಿದಾಗ ಏಳುವ ಹೊಗೆ ಅದು. ಸೀದ ಒಗ್ಗರಣೆ ಥರ ಗಂಟಲು ಹಿಡಿಯುತ್ತದೆ.

ವಯಸ್ಸಾಗ್ತಾ ಆಗ್ತಾ ಸಿಟ್ಟು ಇಳಿಯುತ್ತೆ ಅಂತಾರೆ. ಯಾರಿಗೆ ಇಳಿಯುತ್ತೋ ನಾ ಕಾಣೆ. ನನಗೆ ಐವತ್ತು ಮುಟ್ಟಿತು, ಆ ಹೊಗೆ ಮೂಗಿಗೆ ಬಿದ್ದದ್ದೇ ಕೈ ತಾನೇ ಮುಷ್ಟಿ ಕಟ್ಟಿತು. "ಏನಾಯ್ತು ಮೇಡಂ?" ಅಂತ ಡ್ರೈವರು ತಮಿಳಿನಲ್ಲಿ ಕೇಳಿದ. ಏನಿಲ್ಲಪ್ಪ, ಇಲ್ಲಿ ಒಂದು ವರ್ಷ ಕೆಲಸ ಮಾಡಿದ್ದೆ ಅಂದೆ. ನಾನಿದ್ದ ಕಾರ್ಖಾನೆಯ ಜಾಗದಲ್ಲಿ ಈಗ ಗಾಜಿನ ಕಟ್ಟಡ ಎದ್ದಿದೆ. ಗೇಟಿನ ಪಕ್ಕದ ಬೇವಿನ ಮರ ಮಾತ್ರ ಹಾಗೇ ಇದೆ. ಆ ಮರದ ಕೆಳಗೆ ಒಬ್ಬ ಹೆಂಗಸು ನನ್ನ ಮುಖ ನೋಡಿ ಹೇಳಿದ ಮಾತಿಗೆ ನಾನು ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ.

ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆ. ಆ ವರ್ಷ ಚೆನ್ನೈಯಲ್ಲಿದ್ದವರು ನೀರು ಅಂದರೆ ಇವತ್ತಿಗೂ ಬೆಚ್ಚುತ್ತಾರೆ. ಕೊಳಾಯಿ ತಿರುಗಿಸಿದರೆ ಬುಸ್ ಅಂತ ಗಾಳಿ ಬರ್ತಿತ್ತು. ಬೀದಿ ಬೀದಿಯಲ್ಲಿ ಪ್ಲಾಸ್ಟಿಕ್ ಕೊಡಗಳ ಸಾಲು. ಲಾರಿ ಬಂತು ಅಂದರೆ ಹೆಂಗಸರು ಕೈಯಲ್ಲಿದ್ದದ್ದು ಬಿಟ್ಟು ಓಡಬೇಕು. ನಾನು ಕೋಡಂಬಾಕ್ಕಂನಲ್ಲಿ ಒಂದು ರೂಮು ಹಿಡಿದಿದ್ದೆ, ದಿನಕ್ಕೆ ಎರಡು ಬಕೆಟ್ ನೀರು ಅಂತ ಮನೆಯವರ ಲೆಕ್ಕ. ಮಂಡ್ಯದ ಕಡೆ ನಾಲೆ ನೀರು ಕುಡಿದು ಬೆಳೆದವಳು ನಾನು, ಎರಡು ಬಕೆಟ್ಟಿನಲ್ಲಿ ಸ್ನಾನ, ಬಟ್ಟೆ, ಪಾತ್ರೆ ಎಲ್ಲಾ ಮುಗಿಸಿ, ಬೆವರಿನಲ್ಲಿ ಮತ್ತೆ ಸ್ನಾನವಾಗಿ, ಅಂಬತ್ತೂರಿನ ಕಂಪನಿ ಬಸ್ಸು ಹತ್ತುತ್ತಿದ್ದೆ. ಆ ಬಸ್ಸಿನಲ್ಲಿ ನಮ್ಮಂಥ ಖಾಯಂ ನೌಕರರಿಗೆ ಮಾತ್ರ ಜಾಗ. ಕಾಂಟ್ರಾಕ್ಟಿನವರು ಸೀಟು ಖಾಲಿ ಇದ್ದರೂ ಹತ್ತುವ ಹಾಗಿಲ್ಲ.

ಕಾರ್ಖಾನೆಯಲ್ಲಿ ಮೋಟಾರು ಗಾಡಿಗಳ ಗಿಯರಿಗೆ ಬೇಕಾದ ಉಕ್ಕಿನ ತುಂಡುಗಳನ್ನು ಕಾಯಿಸಿ, ಎಣ್ಣೆಗೆ ಅದ್ದಿ, ಗಟ್ಟಿ ಮಾಡಿ ಕಳಿಸುತ್ತಿದ್ದರು. ಒಂದೊಂದು ಬ್ಯಾಚಿಗೂ ಒಂದೊಂದು ಟೆಸ್ಟ್ ಸರ್ಟಿಫಿಕೇಟು ಹೋಗಬೇಕು. ಈ ಬ್ಯಾಚ್ ಇಷ್ಟು ಗಟ್ಟಿ ಇದೆ, ಪಾಸಾಗಿದೆ ಅಂತ. ಅದನ್ನು ಅಚ್ಚು ಹಾಕುವ ಕಂಪ್ಯೂಟರ್ ಸೆಕ್ಷನ್ನಿನಲ್ಲಿ ನಾನು ಪ್ರೋಗ್ರಾಮರ್. ಮೈಸೂರಿನಲ್ಲಿ ಎಂಸಿಎ ಮಾಡಿ ಬಂದಿದ್ದೀನಿ ಅನ್ನೋ ಜಂಬ ಬೇರೆ.

ಸೆಕ್ಷನ್ನಿಗೆ ಯಜಮಾನರು ಶ್ರೀಪತಿ ಸಾರ್. ಮೂರು ತಲೆಮಾರಿನಿಂದ ಚೆನ್ನೈಯ ತಿರುವಲ್ಲಿಕ್ಕೇಣಿಯಲ್ಲಿರುವ ಕನ್ನಡದ ಮನೆತನ. ಹಣೆಯ ಮೇಲೆ ಅಂಗಾರ, ಬಾಯಲ್ಲಿ ಅರ್ಧ ಕನ್ನಡ ಅರ್ಧ ತಮಿಳು, ಮಾತು ಮಾತ್ರ ಬೆಣ್ಣೆ. "ಏನಮ್ಮಾ ಸುಮಿತ್ರಾ, ಸಾಪಾಡು ಆಯ್ತಾ? ನಾವು ನಾವು ಒಂದೇ ಊರು ಮಾದಿರಿ ಅಮ್ಮಾ, ಏನಿದ್ರೂ ನನ್ ಹತ್ರ ಹೇಳು." ಪರಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಕರಗಿಹೋಗ್ತೀವಲ್ಲ, ನಾನೂ ಕರಗಿದ್ದೆ. ಥೂ, ಇವತ್ತು ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಜನವರಿಯಲ್ಲಿ ಶ್ರೀಪತಿ ಸಾರ್ ಹಳೇ ಪ್ರಿಂಟಿಂಗ್ ಪ್ರೋಗ್ರಾಮನ್ನು ತೆಗೆಸಿ ಹೊಸದೊಂದನ್ನು ತಂದಿದ್ದರು. ಕಂಪ್ಯೂಟರ್ ಪತ್ರಿಕೆಯ ಜೊತೆ ಬಿಟ್ಟಿ ಬಂದ ಸಿ.ಡಿ.ಯಲ್ಲಿತ್ತು ಅದು. ಓಪನ್ ಸೋರ್ಸ್, ಅಂದರೆ ಅದರ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ತೆಗೆದು ಓದಬಹುದು, ತಪ್ಪು ಕಂಡರೆ ತಿದ್ದಿ, ಆ ತಿದ್ದುಪಡಿಯನ್ನು ಎಲ್ಲೋ ಚಳಿದೇಶದಲ್ಲಿ ಕೂತ ಅದರ ಯಜಮಾನನಿಗೆ ಇಮೇಲಿನಲ್ಲಿ ಕಳಿಸಬಹುದು. ಹರಿದ ಬಟ್ಟೆಗೆ ತೇಪೆ ಹಾಕಿದ ಹಾಗೆ, ಅದಕ್ಕೆ ಪ್ಯಾಚ್ ಅಂತಲೇ ಹೆಸರು. ಅವನು ಒಪ್ಪಿದರೆ ಲೋಕದವರಿಗೆಲ್ಲ ಹೊಸ ಪ್ರೋಗ್ರಾಮು ಹೋಗುತ್ತೆ, ಜೊತೆಗೆ ಒಂದು ಪಟ್ಟಿಯಲ್ಲಿ ಎರಡು ಸಾಲು ಸೇರುತ್ತೆ. ತಪ್ಪನ್ನು ಕಂಡವರು ಇಂಥವರು. ತಿದ್ದಿದವರು ಇಂಥವರು. ದುಡ್ಡಿಲ್ಲ, ಕಾಸಿಲ್ಲ, ಆ ಎರಡು ಸಾಲೇ ಸಂಭಾವನೆ. ಈ ಪದ್ಧತಿಯನ್ನು ನೆನಪಿಟ್ಟುಕೊಳ್ಳಿ, ನನ್ನ ಕಥೆಯೆಲ್ಲ ಆ ಎರಡು ಸಾಲಿನಲ್ಲೇ ಇದೆ.

ಇನ್ನು ರತ್ನಮ್ಮ. ಪೂರ್ತಿ ಹೆಸರು ಮುನಿರತ್ನಮ್ಮ. ಹೊಸೂರಿನ ಹತ್ತಿರ ತಳಿ ಕಡೆಯವರು, ಮನೆಮಾತು ಕನ್ನಡ. ಎರಡೂ ಅಂಚಿಗೆ ತೂತಿರುವ ಉದ್ದನೆಯ ಕಂಪ್ಯೂಟರ್ ಪೇಪರನ್ನು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಹಾಕುವುದು, ಅಚ್ಚಾಗಿ ಬಂದದ್ದನ್ನು ಗೆರೆಗೆರೆಗೆ ಹರಿದು ಜೋಡಿಸಿ, ಬ್ಯಾಚಿನ ಜೊತೆ ಕಳಿಸುವುದು ಅವರ ಕೆಲಸ. ಆರು ವರ್ಷದಿಂದ ಕಾಂಟ್ರಾಕ್ಟಿನಲ್ಲೇ ಇದ್ದರು. ಆ ಜೂನ್ ಕೊನೆಗೆ ಖಾಯಂ ಆಗುವವರ ಪಟ್ಟಿ ಬರುವುದಿತ್ತು, ಅದರಲ್ಲಿ ಅವರ ಹೆಸರು ಇದೆ ಅಂತ ಮಾತಿತ್ತು. "ಬಸ್ಸಲ್ಲಿ ಕೂತ್ಕಂಡು ಬತ್ತೀನಮ್ಮಾ, ನಿನ್ ಪಕ್ಕದಾಗೇ ಕೂತ್ಕಂತೀನಿ" ಅಂತ ನಗುತ್ತಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಅವರನ್ನು ನೀನು ತಾನು ಅಂತ ಮಾತಾಡಿಸುತ್ತಿದ್ದೆ, ಅವರು ನನ್ನನ್ನು ಅಮ್ಮಾ ಅಂತ ಕರೆಯುತ್ತಿದ್ದರು. ಅದು ನನಗೆ ಆಗ ಕಾಣಿಸಲೂ ಇಲ್ಲ.

ಹೊಸ ಪ್ರೋಗ್ರಾಮು ಬಂದಾಗಿನಿಂದ ಅಚ್ಚು ಜಾರತೊಡಗಿತು. ಒಂದು ಸರ್ಟಿಫಿಕೇಟಿನ ತಲೆ, ಅಂದರೆ ಬ್ಯಾಚ್ ನಂಬರಿರುವ ಭಾಗ, ಹಿಂದಿನ ಹಾಳೆಯ ಕಾಲಿಗೆ ಬಂದು ಕೂರುತ್ತಿತ್ತು. ರತ್ನಮ್ಮ ಪ್ರಿಂಟರಿನ ಪಕ್ಕ ನಿಂತು ಒಂದೊಂದು ಸರ್ಟಿಫಿಕೇಟ್ ಮುಗಿದಾಗಲೂ ಗುಂಡಿ ತಿರುಗಿಸಿ ಪೇಪರನ್ನು ಸರಿ ಮಾಡುತ್ತಿದ್ದರು. "ಪೇಪರ್ ಸರಿಯಾಗಿ ಹಾಕೋಕೆ ಬರೋದಿಲ್ಲ ಅವಳಿಗೆ" ಅಂತ ಶ್ರೀಪತಿ ಸಾರ್ ಮೊದಲ ದಿನವೇ ತೀರ್ಪು ಕೊಟ್ಟುಬಿಟ್ಟರು. ನಾನೂ ಹೌದು ಅಂದುಕೊಂಡೆ. ಪ್ರೋಗ್ರಾಮಿಗೆ ಒಂದು ಹಾಳೆಗೆ ಎಪ್ಪತ್ತೆರಡು ಸಾಲು ಅಂತ ನನ್ನ ಕೈಯಾರೆ ಹೇಳಿಕೊಟ್ಟಿದ್ದೆ, ಮತ್ತೆ ತಪ್ಪು ಹೇಗೆ ಬರಬೇಕು? ಜನವರಿಯಲ್ಲಿ ಪ್ರೋಗ್ರಾಮು ಬದಲಾಯಿತು, ಜನವರಿಯಲ್ಲೇ ಕಾಟ ಶುರುವಾಯಿತು. ಇಷ್ಟು ಹೊಳೆಯಲಿಲ್ಲ ಎಂಸಿಎ ಓದಿದ ತಲೆಗೆ.

ಮೇ ತಿಂಗಳು, ತಮಿಳರು ಕತ್ತರಿ ಅನ್ನುವ ಸುಡುಬಿಸಿಲು. ಒಂದು ದಿನ ಕೊಳ್ಳುವ ಕಂಪನಿಯವರು ಒಂದು ಲೋಡು ಮಾಲನ್ನು ಹಾಗೇ ವಾಪಸ್ ಅಟ್ಟಿದರು. ಗುಂಡಿ ತಿರುಗಿಸುವುದು ತಪ್ಪಿದ ಯಾವುದೋ ಹಾಳೆಯಲ್ಲಿ ಎರಡೆರಡು ಬ್ಯಾಚ್ ನಂಬರು, ಯಾವುದು ಪಾಸು ಯಾವುದು ಫೇಲು ಅಂತ. ಶ್ರೀಪತಿ ಸಾರ್ ಎಲ್ಲರ ಮುಂದೆ ರತ್ನಮ್ಮನ ಮೇಲೆ ಹಾರಾಡಿದರು. ಬೆಳಿಗ್ಗೆ ನೀರಿನ ಲಾರಿಗೆ ನಿಂತು ಬಂದು ಇಲ್ಲಿ ನಿಂತುಕೊಂಡೇ ತೂಕಡಿಸ್ತಾಳೆ, ಇಂಥವರನ್ನ ಖಾಯಂ ಮಾಡ್ಕೊಂಡು ಪೂಜೆ ಮಾಡಬೇಕಾ ಅಂತೆಲ್ಲ. ಕೊನೆಗೆ, "ಇನ್ಮೇಲೆ ಆ ಪ್ರಿಂಟರ್ ಮೇಲೆ ನೀನು ಕೈ ಇಡಕ್ಕೂಡಾದು! ಅದರ ಪಾಡಿಗೆ ಅದು ಓಡಲಿ" ಅಂದರು.

ಸರಿ, ರತ್ನಮ್ಮ ಮುಟ್ಟಲಿಲ್ಲ. ಸ್ಟೂಲಿನ ಮೇಲೆ ಕೈಕಟ್ಟಿ ಕೂತು, ತಲೆ ಒಂದು ಕಡೆ ಬಾಲ ಒಂದು ಕಡೆ ಆಗಿ ಬರುತ್ತಿದ್ದ ಅಚ್ಚನ್ನು ನೋಡುತ್ತಾ ಇದ್ದುಬಿಟ್ಟರು. ಸಿಟ್ಟು ಬಂದಿತ್ತು ಅವರಿಗೂ. ಸಾಯಂಕಾಲ ನನ್ನ ಮೇಜಿನ ಹತ್ತಿರ ಬಂದರು.

"ಅಮ್ಮಾ, ತಾನೇ ಸರಿ ಆಯ್ತೈತೆ ಅದು."

"ಏನು ಸರಿಯಾಗೋದು?"

"ಅಚ್ಚು. ಕೆಟ್ಟೂ ಕೆಟ್ಟೂ ಆಮ್ಯಾಕೆ ತಾನೇ ಸರಿಯಾಯ್ತೈತೆ."

"ಹೋಗಮ್ಮ, ನನಗೆ ಬೇಕಾದಷ್ಟು ಕೆಲಸ ಇದೆ" ಅಂದೆ. ತಲೆ ಎತ್ತಿ ನೋಡಲೂ ಇಲ್ಲ.

ಮಾರನೇ ದಿನ ಅವರು ಹರಿದ ಹಾಳೆಗಳ ದೊಡ್ಡ ಕಟ್ಟನ್ನೇ ತಂದು ದೊಪ್ಪಂತ ನನ್ನ ಮುಂದೆ ಹಾಕಿದರು. ಅಚ್ಚು ಸರಿಯಾಗಿ ಕೂತ ಹಾಳೆಗಳ ಮೂಲೆ ಮಾತ್ರ ಮಡಿಸಿದ್ದರು. ಪಕ್ಕದಿಂದ ನೋಡಿದರೆ ಒಂದೇ ಅಂತರದಲ್ಲಿ ಮಡಿಕೆಗಳು. "ಎಣಿಸ್ಕೋ. ಅನ್ನೊಂದು ಆಳೆಗೆ ಒಂದ್ಸಲ ಸರಿಯಾಗೇ ಆಯ್ತೈತೆ. ಒಂದ್ಸಲಾನೂ ತಪ್ಪಿಲ್ಲ. ನಾನು ಪೇಪರ್ ಹಾಕಿದ್ದು ತಪ್ಪಾಗಿದ್ರೆ ಇಂಗೆ ಲೆಕ್ಕವಾಗಿ ಕೆಡ್ತೈತಾ, ನೀನೇ ಹೇಳು."

ಎಣಿಸಿದೆ. ಹನ್ನೊಂದು. ಮತ್ತೆ ಹನ್ನೊಂದು. ಮತ್ತೆ ಹನ್ನೊಂದು. ನಮ್ಮ ದೇಶದಲ್ಲಿ ಸಿಗುವ ಕಂಪ್ಯೂಟರ್ ಪೇಪರು ಹನ್ನೆರಡು ಇಂಚು ಉದ್ದ. ಪ್ರೋಗ್ರಾಮು ಬರೆದವನ ದೇಶದಲ್ಲಿ ಹನ್ನೊಂದು ಇಂಚು. ಹನ್ನೆರಡು ಇಂಚಿನ ಹನ್ನೊಂದು ಹಾಳೆ, ಹನ್ನೊಂದು ಇಂಚಿನ ಹನ್ನೆರಡು ಪುಟ, ಎರಡೂ ಒಂದೇ ಉದ್ದ! ಅದಕ್ಕೇ ಹನ್ನೊಂದು ಹಾಳೆಗೊಮ್ಮೆ ತಲೆಗೆ ತಲೆ ಕೂಡಿಬರುತ್ತಿತ್ತು. ಅಲ್ಲಿಯವರೆಗೆ ರತ್ನಮ್ಮ ಗುಂಡಿ ತಿರುಗಿಸಿ ಸರಿಮಾಡುತ್ತಲೇ ಇದ್ದದ್ದರಿಂದ ಈ ಲೆಕ್ಕ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಪ್ರೋಗ್ರಾಮಿನ ಒಳಗೆ ಕೈಹಾಕಿ ಹುಡುಕಿದೆ. ಸಿಕ್ಕಿತು. ನಾನು ಹೇಳಿಕೊಟ್ಟಿದ್ದ ಎಪ್ಪತ್ತೆರಡನ್ನು ಎಲ್ಲಾ ಕಡೆ ಮರ್ಯಾದೆಯಿಂದ ಕೇಳುತ್ತಿದ್ದ ಪ್ರೋಗ್ರಾಮು, ಪುಟದ ಕೊನೆಗೆ ಖಾಲಿ ಸಾಲು ತುಂಬುವ ಒಂದೇ ಒಂದು ಕಡೆ ಅರವತ್ತಾರು ಅಂತ, ಅಂದರೆ ಇಂಚಿಗೆ ಆರು ಸಾಲಿನ ಲೆಕ್ಕದಲ್ಲಿ ಹನ್ನೊಂದೇ ಇಂಚು ಅಂತ, ಗಟ್ಟಿಯಾಗಿ ಹಿಡಿದು ಕೂತಿತ್ತು. ಬರೆದವನು ಲೋಕದಲ್ಲಿ ತನ್ನ ಮನೆಯ ಪೇಪರು ಬಿಟ್ಟರೆ ಬೇರೆ ಪೇಪರೇ ಇಲ್ಲ ಅಂದುಕೊಂಡಿದ್ದ. ಅವನ ಆ ಅಸಡ್ಡೆಗೆ ಅಂಬತ್ತೂರಿನಲ್ಲಿ ಒಬ್ಬ ಹೆಂಗಸು ನಾಲ್ಕು ತಿಂಗಳು ಬೈಸಿಕೊಂಡಿದ್ದಳು. ಬರೀ ಮೂರು ಸಾಲಿನ ತಿದ್ದುಪಡಿ. ನಮ್ಮ ಮೆಷಿನ್ನಿನಲ್ಲಿ ಹಾಕಿ ನೋಡಿದೆ, ಅಚ್ಚು ಗೆರೆ ಹಿಡಿದ ಹಾಗೆ ಬಂತು.

ಓಡಿಹೋಗಿ ಶ್ರೀಪತಿ ಸಾರ್‌ಗೆ ಹೇಳಿದೆ. ಅವರ ಮುಖ ಅರಳಲಿಲ್ಲ.

"ಸರಿ ಹೋಯ್ತಲ್ಲಮ್ಮಾ, ಸಂತೋಷ. ಬಾಯಿ ಮುಚ್ಕೊಂಡು ಇದ್ಬಿಡು."

"ಹಾಗಲ್ಲ ಸಾರ್, ತಪ್ಪು ರತ್ನಮ್ಮನದಲ್ಲ ಅಂತ ಮ್ಯಾನೇಜರಿಗೆ ಹೇಳ್ಬೇಕು. ಮಾಲು ವಾಪಸ್ ಬಂದಿದ್ದಕ್ಕೆ ಅವಳ ಹೆಸರು ಬರೆದಿದ್ದೀರಿ."

"ಪ್ರೋಗ್ರಾಮ್ ತಪ್ಪು ಅಂದ್ರೆ, ಪ್ರೋಗ್ರಾಮ್ ತಂದೋನು ಯಾರು ಅಂತ ಕೇಳ್ತಾರಮ್ಮಾ. ಅವಳು ಕಾಂಟ್ರಾಕ್ಟ್ ತಾನೇ? ಇದೆಲ್ಲಾ ನಮಗೆ ವೇಂಡಾಮ್ಮಾ. ನಾವು ನಾವು ಹಿಂಗೆ ಮಾಡ್ಕೋಬಾರ್ದು."

ತಾನು ಮಾಡಿದ್ದಕ್ಕೆ ಅವಳ ತಲೆ ಮೇಲೆ ಗೂಬೆ ಕೂರಿಸಿ, ಅದಕ್ಕೆ ಕನ್ನಡದ ನೆಂಟಸ್ತನ ಬೇರೆ! ಮೈಯೆಲ್ಲ ಉರಿದುಹೋಯಿತು. ಇವರ ಬಾಯಿಂದ ಹೇಳಿಸಲಾಗದಿದ್ದರೆ ಆ ಪ್ರೋಗ್ರಾಮಿನ ಯಜಮಾನನ ಬಾಯಿಂದಲೇ ಹೇಳಿಸ್ತೀನಿ ಅಂತ ಹಟ ಹಿಡಿಯಿತು. ಪ್ಯಾಚ್ ಕಳಿಸೋದು, ಅವನು ಒಪ್ಪಿ ಲೋಕಕ್ಕೆಲ್ಲ ಸಾರಿದ ಪ್ರಕಟಣೆಯನ್ನು ಅಚ್ಚು ಹಾಕಿ ಮ್ಯಾನೇಜರ್ ಮುಂದೆ ಇಡೋದು. ತಪ್ಪು ಪ್ರೋಗ್ರಾಮಿನದು, ಹಿಡಿದುಕೊಟ್ಟವಳು ಮುನಿರತ್ನಮ್ಮ. ಜೂನ್ ಪಟ್ಟಿಯಿಂದ ಅವಳ ಹೆಸರನ್ನು ಯಾರು ತೆಗೀತಾರೋ ನೋಡೋಣ ಅಂತ.

ರತ್ನಮ್ಮನಿಗೆ ಎಲ್ಲಾ ವಿವರಿಸಿದೆ. ಕಂಡವರ ಸಾಲು ಒಂದು, ತಿದ್ದಿದವರ ಸಾಲು ಒಂದು. "ಮೊದಲನೇ ಸಾಲಿನಲ್ಲಿ ನಿನ್ನ ಹೆಸರು ಬರುತ್ತೆ ರತ್ನಮ್ಮ."

"ನನ್ ಎಸರಾ? ಪಾರಿನ್ ಪೇಪರ್‌ನಾಗಾ?" ಅಂತ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಆಮೇಲೆ ಒಂದು ಹಾಳುಹಾಳೆ ತಿರುಗಿಸಿ, ನನ್ನ ಪೆನ್ನು ಇಸಿದುಕೊಂಡು, ದುಂಡಗೆ ಕನ್ನಡದಲ್ಲಿ ಮುನಿರತ್ನಮ್ಮ ಅಂತ ಬರೆದು ಕೊಟ್ಟರು. ಊರಿನ ಕನ್ನಡ ಸ್ಕೂಲಿನಲ್ಲಿ ಐದನೇ ಕ್ಲಾಸಿನವರೆಗೆ ಓದಿದ್ದರಂತೆ. "ಬರೀ ರತ್ನಮ್ಮ ಅಂತ ಆಕ್ಬೇಡ ಮತ್ತೆ. ಬೇರೆ ಯಾರೋ ಅನ್ಕಂತಾರೆ."

ಕೋಡಂಬಾಕ್ಕಂನ ಬ್ರೌಸಿಂಗ್ ಸೆಂಟರಿನಿಂದ ಇಮೇಲ್ ಹಾಕಿದೆ. ನಾಲ್ಕು ದಿನಕ್ಕೆ ಉತ್ತರ ಬಂತು. ಏನಂತ ಬರೆದಿದ್ದ ಗೊತ್ತಾ ಆ ಪುಣ್ಯಾತ್ಮ? ಇಷ್ಟು ವರ್ಷದಲ್ಲಿ ಯಾರೂ ಇಂಥ ದೂರು ಹೇಳಿಲ್ಲ. ಹನ್ನೆರಡು ಇಂಚಿನ ಪೇಪರ್ ಇದೆ ಅನ್ನೋದೇ ನನಗೆ ಗೊತ್ತಿಲ್ಲ. ಬಹುಶಃ ನಿಮ್ಮವರಿಗೆ ಪೇಪರ್ ಸರಿಯಾಗಿ ಹಾಕಲು ಬರುತ್ತಿಲ್ಲ, ಒಮ್ಮೆ ವಿಚಾರಿಸಿ.

ಪೇಪರ್ ಹಾಕೋಕೆ ಬರೋದಿಲ್ಲ! ತಿರುವಲ್ಲಿಕ್ಕೇಣಿಯವರು ಅಂದದ್ದನ್ನೇ ಅವನೂ ಅಂದಿದ್ದ, ಒಂದು ಅಕ್ಷರ ಹೆಚ್ಚುಕಮ್ಮಿಯಿಲ್ಲ. ನಮ್ಮ ಕೈ, ನಮ್ಮ ಪೇಪರು, ನಮ್ಮ ಕಣ್ಣು ಎಲ್ಲಾ ತಪ್ಪು, ಅವನ ಅರವತ್ತಾರು ಮಾತ್ರ ವೇದ. ಪಕ್ಕದ ಕಂಪ್ಯೂಟರಿನವರು ತಿರುಗಿ ನೋಡುವಷ್ಟು ಜೋರಾಗಿ ಕೀಲಿ ಕುಟ್ಟಿ ಉತ್ತರ ಬರೆದೆ. ನಿನ್ನ ಪ್ರೋಗ್ರಾಮು ಲೋಕದವರಿಗೆಲ್ಲ ಅಂತ ಬೋರ್ಡ್ ಹಾಕಿಕೊಂಡಿದ್ದೀಯಲ್ಲ, ಲೋಕದಲ್ಲಿ ನಾವಿಲ್ಲವಾ ಅಂತ ಕೇಳಿದೆ. ಕೊನೆಗೆ ರತ್ನಮ್ಮನ ಲೆಕ್ಕ ಬರೆದೆ. ಪ್ರಿಂಟರನ್ನು ಮುಟ್ಟದೆ ಬಿಟ್ಟರೆ ಸರಿಯಾಗಿ ಹನ್ನೊಂದು ಹಾಳೆಗೊಮ್ಮೆ ಅಚ್ಚು ತಾನಾಗಿ ಕೂಡಿಬರುತ್ತದೆ, ಕೈತಪ್ಪಿನಿಂದ ಆದರೆ ಹೀಗೆ ಲೆಕ್ಕ ತಪ್ಪದೆ ಕೆಡುತ್ತದೆಯೇ ಅಂತ. ಅವರ ಮಾತೇ ಅದು, ಇಂಗ್ಲೀಷು ಮಾತ್ರ ನನ್ನದು.

ಆ ಹನ್ನೊಂದು ಅವನ ಬಾಯಿ ಮುಚ್ಚಿಸಿತು. ಮಾರನೇ ದಿನವೇ ಉತ್ತರ. ನೀವು ಹೇಳಿದ್ದು ಸರಿ, ಕ್ಷಮಿಸಿ, ಹನ್ನೊಂದರ ಲೆಕ್ಕ ಕಂಡುಹಿಡಿದದ್ದು ಬಹಳ ಸೊಗಸಾಗಿದೆ. ಈ ವಾರವೇ ಪ್ರಕಟಿಸುತ್ತೇನೆ. ಕಂಡವರು ಯಾರು, ತಿದ್ದಿದವರು ಯಾರು, ಹೆಸರು ಮತ್ತು ಇಮೇಲ್ ವಿಳಾಸ ಬರೆದು ಕಳಿಸಿ.

ಈಗ ಬರೆಯುವುದಕ್ಕೆ ಕೈ ಬರುತ್ತಿಲ್ಲ. ಆದರೂ ಬರೀತೀನಿ.

ಎರಡೂ ಸಾಲಿನಲ್ಲಿ ನನ್ನ ಹೆಸರು ಬರೆದೆ.

ರತ್ನಮ್ಮನಿಗೆ ಇಮೇಲ್ ಇಲ್ಲವಲ್ಲ ಅಂತ ಆಗ ನನಗೆ ನಾನೇ ಹೇಳಿಕೊಂಡೆ. ಅದೇ ಕುರ್ಚಿಯಲ್ಲಿ ಕೂತು ಐದು ನಿಮಿಷದಲ್ಲಿ ಅವರ ಹೆಸರಿಗೊಂದು ಇಮೇಲ್ ಮಾಡಬಹುದಿತ್ತು. ಆ ದೇಶದವನಿಗೆ ಮುನಿರತ್ನಮ್ಮ ಯಾರು ಅಂತ ಏನು ಗೊತ್ತು ಅಂತಲೂ ಅಂದುಕೊಂಡೆ. ಅವನಿಗೆ ಸುಮಿತ್ರಾ ಯಾರು ಅಂತ ಗೊತ್ತಿತ್ತಾ? ಎಲ್ಲಾ ನೆಪ. "ಬಹಳ ಸೊಗಸಾಗಿದೆ" ಅಂದಿದ್ದನಲ್ಲ, ಆ ಮಾತು ನನ್ನದೇ ಆಗಬೇಕಿತ್ತು. ಪೇಪರ್ ಹರಿಯುವವಳು ಕಂಡದ್ದನ್ನು ನಾಲ್ಕು ತಿಂಗಳು ಕಾಣದೆ ಕೂತವಳು ಅಂತ ಊರಿಗೆಲ್ಲ ಸಾರಿಕೊಳ್ಳೋಕೆ ನನಗೆ ಮನಸ್ಸಿರಲಿಲ್ಲ. ಪ್ರಕಟಣೆ ಬರುತ್ತಲ್ಲ, ತಪ್ಪು ಪ್ರೋಗ್ರಾಮಿನದು ಅಂತ ಸಾಬೀತಾದರೆ ಸಾಕಲ್ಲ, ಅವಳ ಕೆಲಸ ಉಳಿಯುತ್ತೆ, ಹೆಸರಿನಿಂದ ಅವಳಿಗೇನಾಗಬೇಕು ಅಂತ ಸಮಾಧಾನ ಮಾಡಿಕೊಂಡು ಸೆಂಡ್ ಒತ್ತಿದೆ.

ಜೂನ್ ಕೊನೆಯ ವಾರ. ಮ್ಯಾನೇಜರ್ ರೂಮಿನಲ್ಲಿ ಖಾಯಮಾತಿ ಪಟ್ಟಿ ಮೇಜಿನ ಮೇಲಿತ್ತು. ಶ್ರೀಪತಿ ಸಾರ್ ಪಕ್ಕದಲ್ಲಿ ಕೂತಿದ್ದರು. ನಾನು ಯುದ್ಧ ಗೆದ್ದವಳ ಹಾಗೆ ಹೋಗಿ ಹನ್ನೊಂದರ ಲೆಕ್ಕವೂ ಇದ್ದ ಪ್ರಕಟಣೆಯ ಅಚ್ಚನ್ನು ಮ್ಯಾನೇಜರ್ ಮುಂದೆ ಇಟ್ಟು, ತಪ್ಪು ರತ್ನಮ್ಮನದಲ್ಲ, ಪ್ರೋಗ್ರಾಮಿನದು, ಬರೆದವರೇ ಒಪ್ಪಿಕೊಂಡಿದ್ದಾರೆ ಅಂದೆ. ಶ್ರೀಪತಿ ಸಾರ್ ಮೂಗಿನ ಮೇಲೆ ಕನ್ನಡಕ ಇಳಿಸಿಕೊಂಡು ಅದನ್ನು ಓದಿದರು. ಎರಡು ಸಲ ಓದಿದರು. ಆಮೇಲೆ ಅವರ ಮುಖದಲ್ಲಿ ಒಂದು ನಗು ಮೂಡಿತು.

"ಸಾರ್, ನಮ್ಮ ಸೆಕ್ಷನ್ನಿಗೇ ಹೆಮ್ಮೆ ಇದು" ಅಂದರು ಮ್ಯಾನೇಜರಿಗೆ, ತಮಿಳಿನಲ್ಲಿ. "ಫಾರಿನ್ನಿನ ಪ್ರೋಗ್ರಾಮಿನಲ್ಲಿ ನಮ್ಮ ಹುಡುಗಿ ತಪ್ಪು ಹಿಡಿದಿದ್ದಾಳೆ. ಕಂಡುಹಿಡಿದವಳೂ ಇವಳೇ, ರಿಪೇರಿ ಮಾಡಿದವಳೂ ಇವಳೇ. ಅದೇ ಆ ರತ್ನಮ್ಮನ್ನ ನೋಡಿ. ನಾಲ್ಕು ತಿಂಗಳು ಆ ಪೇಪರ್ ಅವಳ ಕೈಯಲ್ಲೇ ಇತ್ತು, ಒಂದೊಂದೂ ಅವಳೇ ಹರಿದಿದ್ದಾಳೆ. ಹನ್ನೊಂದು ಹಾಳೆಗೊಂದು ಸಲ ಹಿಂಗಾಗುತ್ತೆ ಅಂತ ಅವಳ ಕಣ್ಣಿಗೆ ಬೀಳಲೇ ಇಲ್ಲ. ಇಂಥ ಕುರುಡರನ್ನ ಖಾಯಂ ಮಾಡ್ಕೋಬೇಕಾ ಸಾರ್?"

"ಇಲ್ಲ ಸಾರ್, ಕಂಡದ್ದು ಅವಳೇ. ಹನ್ನೊಂದು ಅಂತ ಎಣಿಸಿಕೊಟ್ಟದ್ದು ಅವಳೇ" ಅಂದೆ.

ಶ್ರೀಪತಿ ಸಾರ್ ಆ ಕಾಗದವನ್ನು ನನ್ನ ಕಡೆ ತಿರುಗಿಸಿ ಹಿಡಿದು, ಮ್ಯಾನೇಜರಿಗೆ ತಿಳಿಯದ ನಮ್ಮ ಕನ್ನಡದಲ್ಲಿ, ಅದೇ ಬೆಣ್ಣೆಯಂಥ ದನಿಯಲ್ಲಿ ಕೇಳಿದರು. "ಮತ್ತೆ ಇಲ್ಲಿ ನಿನ್ನ ಹೆಸರು ತಾನೇ ಇದೆ? ಈ ಕಾಗದ ಸುಳ್ಳಾ ಅಮ್ಮಾ? ಸುಳ್ಳು ಅಂತ ಹೇಳಿಬಿಡು, ಹರಿದು ಹಾಕೋಣ."

ಸುಳ್ಳು ಅಂತ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಎಷ್ಟು ಹೊತ್ತು, ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಸುಮ್ಮನಿದ್ದೆ. ಅಷ್ಟರಲ್ಲಿ ಮ್ಯಾನೇಜರು ಪಟ್ಟಿಯ ಮೇಲೆ ಒಂದು ಗೀಟು ಎಳೆದು ಸಹಿ ಹಾಕಿ ಪಕ್ಕಕ್ಕೆ ಸರಿಸಿದರು. ಆಮೇಲೆ ನಾನು ಕೂಗಾಡಿದೆ, ಶ್ರೀಪತಿ ಸಾರ್‌ಗೆ ಬಾಯಿಗೆ ಬಂದಂತೆ ಅಂದೆ, ಎಲ್ಲಾ ಆಯಿತು. ಬೇಕಾಗಿದ್ದ ಹೊತ್ತಿನಲ್ಲಿ ಬಾಯಿ ಬಿಡದವಳ ಕೂಗಿಗೆ ಯಾರು ಬೆಲೆ ಕೊಡ್ತಾರೆ?

ಕಾಂಟ್ರಾಕ್ಟೂ ಆ ತಿಂಗಳಿಗೇ ಮುಗಿಯಿತು ಅಂದುಬಿಟ್ಟರು. ರತ್ನಮ್ಮ ಊಟದ ಡಬ್ಬಿ, ಮೆಷಿನ್ ರೂಮಿನ ಚಪ್ಪಲಿ ಚೀಲದಲ್ಲಿ ಹಾಕಿಕೊಂಡು ಗೇಟಿನ ಬೇವಿನ ಮರದ ಕೆಳಗೆ ನನಗೆ ಕಾಯುತ್ತಿದ್ದರು. ಶ್ರೀಪತಿ ಸಾರ್ ಆ ಕಾಗದವನ್ನು ನೋಟೀಸ್ ಬೋರ್ಡಿಗೆ ಹಾಕಿಸಿದ್ದರು. ಇಂಗ್ಲೀಷ್ ಬಾರದಿದ್ದರೂ ಅವರು ಯಾರ ಹತ್ತಿರವೋ ಓದಿಸಿಕೊಂಡಿದ್ದರು.

"ಎರಡು ಸಾಲಿತ್ತಲ್ಲ" ಅಂದರು. "ಒಂದು ನಿಂಗೆ ಸಾಕಾಗ್ನಿಲ್ವಾ?"

ನಾನು ಏನೋ ಹೇಳಹೋದೆ, ಇಮೇಲ್ ಅಂತ.

"ಬ್ಯಾಡ. ಆ ಶ್ರೀಪತಿ ಸಾರು ಕಳ್ಳ ಅಂತ ನಂಗೆ ಆರು ವರ್ಷದಿಂದ ಗೊತ್ತೈತೆ. ನಿನ್ನ ನಾನು ಹಂಗೆ ಅನ್ಕೊಂಡಿರ್ನಿಲ್ಲ." ನನ್ನ ಕಾಲ ಬಳಿ ಉಗಿದರು. ಉಗಿದು, ಟೌನ್ ಬಸ್ಸಿನ ಸ್ಟಾಪಿನ ಕಡೆ ನಡೆದರು. ನಾನು ಕಂಪನಿ ಬಸ್ಸು ಹತ್ತಿದೆ. ನನ್ನ ಪಕ್ಕದ ಸೀಟು ಖಾಲಿಯಿತ್ತು.

ಹದಿನೈದು ದಿನಕ್ಕೆ ನಾನೂ ಆ ಕೆಲಸ ಬಿಟ್ಟೆ. ದೊಡ್ಡಸ್ತಿಕೆಯೇನಲ್ಲ, ನನಗೆ ಬೇರೆ ಕೆಲಸ ಸಿಕ್ಕಿತು, ಅವರಿಗೆ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಪ್ರೋಗ್ರಾಮಿನ ಯಜಮಾನನಿಗೆ ಬರೆದೆ, ಮೊದಲ ಸಾಲು ತಪ್ಪು, ಬದಲಾಯಿಸು ಅಂತ. ಪ್ರಕಟವಾದ ಪಟ್ಟಿಯನ್ನು ತಿದ್ದುವ ಪದ್ಧತಿ ಇಲ್ಲ ಅಂತ ಉತ್ತರ ಬಂತು. ಲೋಕದಲ್ಲಿ ಯಾರು ಬೇಕಾದರೂ ಏನು ಬೇಕಾದರೂ ತಿದ್ದಬಹುದಂತೆ, ಅದೊಂದನ್ನು ಬಿಟ್ಟು. ವಿಚಾರಿಸಿಕೊಂಡು ಅವರ ಮನೆಯ ಹತ್ತಿರ ಹೋದರೆ, ನೀರಿನ ಕಾಟಕ್ಕೆ ಊರಿಗೆ ಹೋದರು ಅಂದರು ಪಕ್ಕದವರು. ಡಾಟ್ ಮ್ಯಾಟ್ರಿಕ್ಸ್ ಹೋಯಿತು, ಆ ಪೇಪರು ಹೋಯಿತು, ನನ್ನ ಮೂರು ಸಾಲಿನ ತೇಪೆಯನ್ನೂ ಯಾರೋ ಕಿತ್ತು ಎಸೆದರು. ಅವರು ಕನ್ನಡದಲ್ಲಿ ಹೆಸರು ಬರೆದುಕೊಟ್ಟ ಹಾಳೆಯನ್ನೂ ನಾನು ಎಲ್ಲೋ ಕಳೆದುಕೊಂಡೆ.

ಆ ಎರಡು ಸಾಲು ಮಾತ್ರ ಹಾಗೇ ಇವೆ. ಅವನ್ನು ನೋಡಿಯೇ ಕಾಲೇಜಿನವರು ನನ್ನನ್ನು ಹುಡುಕಿಕೊಂಡು ಬಂದದ್ದು.

ಸಭೆ ತುಂಬಾ ಹುಡುಗ ಹುಡುಗಿಯರು. ಹಿಂದಿನ ಪರದೆಯ ಮೇಲೆ ಆಳೆತ್ತರಕ್ಕೆ ಆ ಎರಡು ಸಾಲು. ಕಂಡವರು, ಸುಮಿತ್ರಾ, ಚೆನ್ನೈ. ತಿದ್ದಿದವರು, ಸುಮಿತ್ರಾ, ಚೆನ್ನೈ. ಆ ಕಾಲದಲ್ಲೇ ಒಬ್ಬ ಹೆಣ್ಣುಮಗಳು ಒಬ್ಬಳೇ ಕಂಡು ಒಬ್ಬಳೇ ತಿದ್ದಿದ್ದಾರೆ ಅಂತ ಲೆಕ್ಚರರಮ್ಮ ಪರಿಚಯ ಮಾಡಿಕೊಟ್ಟರು. ನನ್ನ ಕೈಯಲ್ಲಿ ಬೇರೆ ಭಾಷಣ ಬರೆದ ಕಾಗದವಿತ್ತು. ಮೂಗಿನಲ್ಲಿ ಇನ್ನೂ ಆ ಎಣ್ಣೆಯ ಹೊಗೆ ಇತ್ತು. ಕಾಗದ ಮಡಿಸಿಟ್ಟು, ನನಗೆ ಬರುವ ಇಂಗ್ಲೀಷಿನಲ್ಲಿ ನೇರವಾಗಿ ಹೇಳಿದೆ. ಮೇಲಿನ ಸಾಲು ಸುಳ್ಳು. ಅದನ್ನು ಕಂಡದ್ದು ಮುನಿರತ್ನಮ್ಮ ಅನ್ನುವವರು, ನಮ್ಮ ಕಾರ್ಖಾನೆಯಲ್ಲಿ ಪೇಪರ್ ಹರಿಯುತ್ತಿದ್ದರು. ಅವರ ಹೆಸರನ್ನು ನಾನು ಕದ್ದೆ. ನಾನು ಕದ್ದದ್ದರಿಂದ ಅವರ ಕೆಲಸ ಹೋಯಿತು.

ಲೆಕ್ಚರರಮ್ಮ ನನ್ನ ಕೈಯಿಂದ ಮೈಕು ತಗೊಂಡು, ಕಣ್ಣೊರೆಸಿಕೊಂಡರು. "ಎಂಥಾ ದೊಡ್ಡ ಮನಸ್ಸು ನೋಡಿ! ಒಬ್ಬ ಕೂಲಿ ಹೆಂಗಸಿಗೂ ತಮ್ಮ ಗೌರವವನ್ನು ಬಿಟ್ಟುಕೊಡುತ್ತಿದ್ದಾರೆ" ಅಂದರು.

ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. "ನಿಲ್ಲಿಸ್ರೋ!" ಅಂತ ಕಿರುಚಿದೆ. ಸಿಟ್ಟಿನಲ್ಲಿ ಬಾಯಿಗೆ ಕನ್ನಡವೇ ಬಂದಿತ್ತು. ಒಬ್ಬರಿಗೂ ಅರ್ಥವಾಗಲಿಲ್ಲ, ಇನ್ನೂ ಜೋರಾಗಿ ತಟ್ಟಿದರು.